ಚೀನೀ ಗಿಡಮೂಲಿಕೆ ಚಹಾ: ದಿನಾ ಕುಡಿಯೋದು ಯಾವುದು, ಉಷ್ಣ ಆದಾಗ ಮಾತ್ರ ಕುಡಿಯೋದು ಯಾವುದು?

ಮಳೆಬಿಲ್ಲು:
ಗುವಾಂಗ್‌ಝೌನಲ್ಲಿದ್ದೇವೆ. ಅಪ್ಪ ಅಮ್ಮ ಮೂರು ತಿಂಗಳು ಇಲ್ಲೇ ಇರ್ತಾರೆ. ಬೀದಿಗೊಂದು ಗಿಡಮೂಲಿಕೆ ಚಹಾ ಅಂಗಡಿ, ಸೂಪರ್ ಮಾರ್ಕೆಟ್‌ನಲ್ಲಿ ಸಾಲುಗಟ್ಟಲೆ ಪೊಟ್ಟಣ. ಗಂಟಲು ಕೆರೆತ, ಅಜೀರ್ಣ, ಕಣ್ಣುರಿ, ನೆಗಡಿ, ಇಂಥವಕ್ಕೆ ಮನೇಲೇ ಮಾಡಿಕೊಳ್ಳೋದು ಹೇಗೆ, ಅಳತೆ ಎಷ್ಟು? ವಯಸ್ಸಾದವರು ದಿನಾ ಕುಡಿಯಬಹುದಾದದ್ದು ಯಾವುದು? ಅಮ್ಮನಿಗೆ (68) ಬಿಪಿ ಮತ್ತು ಶುಗರ್: ಅಮ್ಲೋಡಿಪಿನ್, ಹೈಡ್ರೋಕ್ಲೋರೋಥಯಾಜೈಡ್, ಮೆಟ್‌ಫಾರ್ಮಿನ್. ಅಪ್ಪನಿಗೆ ಹೃದಯದ ಕವಾಟದ ಆಪರೇಷನ್ ಆಗಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡೋ ಮಾತ್ರೆ) ನಡೀತಿದೆ.

ಹೂಕಷಾಯ:
ಮೊದಲು ಒಂದು ಮಾತು ತಲೇಲಿ ಕೂತರೆ ಉಳಿದದ್ದು ಸಲೀಸು. ಅಲ್ಲಿಯವರು "ಶಾಂಗ್‌ಹುವೊ" ಅಂತಾರಲ್ಲ, ಅದು ನಮ್ಮ "ಉಷ್ಣ ಆಗಿದೆ" ಅನ್ನೋದೇ: ಬಾಯಿಹುಣ್ಣು, ಗಂಟಲುನೋವು, ಮೊಡವೆ, ಗಟ್ಟಿ ಮಲ. ಅದಕ್ಕೆ ಕೊಡೋದು ಲಿಯಾಂಗ್‌ಚಾ, ಅಂದರೆ ತಂಪು ಚಹಾ. ಹೆಸರಿಗೆ ಚಹಾ ಅಷ್ಟೇ, ಚಹಾ ಎಲೆ ಇರಲ್ಲ, ಕುಡಿಯೋದೂ ಹೆಚ್ಚಾಗಿ ಬಿಸಿಬಿಸಿಯಾಗೇ. 2006ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿದೆ. ಅಂಗಡಿಗಳಲ್ಲಿ ಕಡು ಕಪ್ಪಗೆ ಕಾಣೋ "ಇಪ್ಪತ್ನಾಲ್ಕು ರುಚಿ" ಬಹಳ ಕಹಿ. (ಎಣಿಸಿದರೆ ಇಪ್ಪತ್ನಾಲ್ಕೇ ಸಿಗುತ್ತೆ ಅಂತೇನಿಲ್ಲ, ಅಂಗಡಿಗೊಂದು ಲೆಕ್ಕ.) ಉಷ್ಣ ಆದಾಗ ಒಂದು ಬಟ್ಟಲು, ಹೆಚ್ಚೆಂದರೆ ಎರಡು ಮೂರು ದಿನ. ಹೊಟ್ಟೆ ತಣ್ಣಗಿರೋರು, ಬೇಗ ಭೇದಿ ಆಗೋರು, ಗರ್ಭಿಣಿಯರು ಮುಟ್ಟದಿರೋದೇ ಒಳ್ಳೇದು. "ಆರೋಗ್ಯಕ್ಕೆ ಒಳ್ಳೇದು" ಅಂತ ವಯಸ್ಸಾದವರು ದಿನಾ ಕುಡಿದರೆ ಹೊಟ್ಟೆನೋವು, ನೀರುಮಲ ಗ್ಯಾರಂಟಿ.

ದಿನಬಳಕೆಗೆ ಹೂವಿನ ಚಹಾ ಹಗುರ. ಕಣ್ಣುರಿಗೆ ಸೇವಂತಿಗೆ–ಗೋಜಿ (ಒಣಗಿಸಿದ ಸಣ್ಣ ಕೆಂಪು ಹಣ್ಣು): 350 ಮಿ.ಲೀ. ನೀರಿಗೆ ಒಣ ಸೇವಂತಿಗೆ 5–6 (ಸುಮಾರು 3 ಗ್ರಾಂ), ಗೋಜಿ 10–12 ಕಾಳು. ಹೂವನ್ನು ಒಮ್ಮೆ ಬಿಸಿನೀರಲ್ಲಿ ಜಾಲಿಸಿ ಚೆಲ್ಲಿ. ಕುದಿ ನೀರನ್ನು ಒಂದು ನಿಮಿಷ ಆರಲು ಬಿಟ್ಟು ಸುರಿದು, ಮುಚ್ಚಿ, 5–8 ನಿಮಿಷ. ಮುಚ್ಚದಿದ್ದರೆ ಪರಿಮಳ ಹಬೆಯ ಜೊತೆ ಹೋಗುತ್ತೆ, ಒಲೆ ಮೇಲೆ ಕುದಿಸಿದರೆ ಕಹಿ ಬರುತ್ತೆ. ಎರಡು ಮೂರು ಸಲ ನೀರು ಹಾಕಬಹುದು. ಕೊನೇಲಿ ಗೋಜಿಯನ್ನು ತಿನ್ನಿ: ಅದರ ಕೆಂಪು ಬಣ್ಣದ ಸತ್ವ ಕೊಬ್ಬಿನಲ್ಲಿ ಕರಗುವಂಥದ್ದು, ನೀರಿಗೆ ಬಿಡೋದು ಬಹಳ ಕಡಿಮೆ.

ಜಿಡ್ಡಿನೂಟದ ನಂತರದ ಹೊಟ್ಟೆಭಾರಕ್ಕೆ ಶಾನ್‌ಜಾ (ಹಾಥಾರ್ನ್ ಹಣ್ಣಿನ ಒಣ ಬಿಲ್ಲೆ) 10 ಗ್ರಾಂ, ಚೆನ್‌ಪಿ (ಹಳೇ ಕಿತ್ತಳೆ ಸಿಪ್ಪೆ) 5 ಗ್ರಾಂ, ನೀರು 600 ಮಿ.ಲೀ. ಹತ್ತು ನಿಮಿಷ ನೆನೆಸಿ, ಸಣ್ಣ ಉರಿಯಲ್ಲಿ 15 ನಿಮಿಷ. ಶಾನ್‌ಜಾ ಬಲು ಹುಳಿ. ಖಾಲಿ ಹೊಟ್ಟೇಲಿ ಬೇಡ, ಅಲ್ಸರ್, ಎದೆಯುರಿ ಇದ್ದರೆ ಬೇಡವೇ ಬೇಡ.

ಮಳೇಲಿ ನೆಂದು ಚಳಿ ಹಿಡಿದ ನೆಗಡಿಗೆ ಶುಂಠಿ–ಕೆಂಪು ಬೋರೆ: ಹಸಿ ಶುಂಠಿ 10 ಗ್ರಾಂ ತೆಳು ಬಿಲ್ಲೆ, ಬೋರೆ 5, ನೀರು 500 ಮಿ.ಲೀ., 20 ನಿಮಿಷ. ಬೋರೆಯ ಬೀಜ ತೆಗೆದು ಸೀಳಿ ಹಾಕಿ, ಇಡಿಯಾಗಿ ಹಾಕಿದರೆ ಸಿಹಿ ಒಳಗೇ ಉಳಿಯುತ್ತೆ. ಮೈ ನಡುಗುತ್ತಾ ಮೂಗಲ್ಲಿ ತಿಳಿನೀರು ಸುರಿಯುವಾಗ ಮಾತ್ರ. ಗಂಟಲು ಕೆಂಪಾಗಿ ಜ್ವರ ಏರಿದ್ದರೆ ಇದು ತಿರುಗುಬಾಣ ಅಂತಲೇ ಅಲ್ಲಿಯವರ ಲೆಕ್ಕ.

ಗಂಟಲು ಕೆರೆತಕ್ಕೆ ಗ್ವಿಲಿನ್ ಕಡೆಯ ಲುವೊಹಾನ್‌ಗುವೊ (ಮಾಂಕ್ ಫ್ರೂಟ್). ಒಂದು ಒಣ ಕಾಯಿಯ ಕಾಲು ಭಾಗವನ್ನು ಚಿಪ್ಪು ಸಮೇತ ಮುರಿದು 600 ಮಿ.ಲೀ. ಬಿಸಿನೀರಿಗೆ ಹಾಕಿ, 10 ನಿಮಿಷ. ಅರ್ಧ ಕಾಯಿ ಹಾಕಿ ಕುದಿಸಿದರೆ ಹೊಗೆ ಬಡಿದ ಬೆಲ್ಲದ ಹಾಗೆ ಆಗಿ ಬಾಯಿಗಿಡಕ್ಕಾಗಲ್ಲ.

ಗ್ರಂಧಿಗೆ ಅಂಗಡಿ:
ಹೂಕಷಾಯ ಅವರು ಹೇಳಿದ್ದು ಸರಿ. ಎಡವಟ್ಟಾಗೋದು ಹೆಚ್ಚಾಗಿ ಸಾಮಾನು ಆರಿಸುವಾಗ, ಅದರಲ್ಲೂ ಊರಿಗೆ ಹೋದ ಮೇಲೆ "ನಮ್ಮಲ್ಲೂ ಇದೆಯಲ್ಲ" ಅಂತ ಬದಲಿ ಹಾಕುವಾಗ.

ಕೆಂಪು ಬೋರೆಯನ್ನು ಇಂಗ್ಲಿಷಿನಲ್ಲಿ ರೆಡ್ ಡೇಟ್ ಅಂತಾರೆ, ಅದನ್ನೋದಿ ಖರ್ಜೂರ ಹಾಕೋರಿದ್ದಾರೆ. ಖರ್ಜೂರಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ನಮ್ಮ ಎಲಚಿ ಹಣ್ಣಿನ ದಾಯಾದಿ.

ಸೇವಂತಿಗೆ ಅಂದಾಕ್ಷಣ ಮಾರ್ಕೆಟ್ಟಿನ ಮಾರು ಹೂ ಒಣಗಿಸಬೇಡಿ. ಅದನ್ನು ಬೆಳೆದಿರೋದು ಹಾರಕ್ಕೆ, ಹೊಟ್ಟೆಗಲ್ಲ. ಔಷಧ ಹೊಡೆಯುವವರಿಗೆ ಯಾರೋ ಕುಡಿಯುತ್ತಾರೆ ಅನ್ನೋ ಎಣಿಕೆಯೇ ಇರಲ್ಲ. ಚಹಾಗೆ ಅಂತಲೇ ಬೆಳೆಯುವ ಝೆಜಿಯಾಂಗ್‌ನ ಹಾಂಗ್‌ಝೌ ಬಿಳಿ ಸೇವಂತಿಗೆ ತಗೊಳ್ಳಿ. ಹಾಲಿನಂತೆ ಬೆಳ್ಳಗಿದ್ದು ಮೂಗಿಗೆ ಹುಳಿ ಘಾಟು ಹೊಡೆದರೆ ಗಂಧಕದ ಹೊಗೆ ಕೊಟ್ಟದ್ದು. ತುಸು ಹಳದಿ ತಿರುಗಿದ್ದೇ ಮೇಲು. ಗೋಜಿಯೂ ಹಾಗೇ: ತೊಟ್ಟಿನ ಕಡೆ ಬಿಳಿ ಚುಕ್ಕೆ ಇರಬೇಕು, ನೀರಿಗೆ ಹಾಕಿದರೆ ತಿಳಿ ಹಳದಿ ಬರಬೇಕು. ನೀರು ಕೆಂಪಾದರೆ ಬಣ್ಣ.

"ಐದು ಹೂವಿನ ಚಹಾ" ಮಾಡೋರು ಇದನ್ನು ದಯವಿಟ್ಟು ಎರಡು ಸಲ ಓದಿ. ಅದರಲ್ಲಿ ಸೇವಂತಿಗೆ, ಹನಿಸಕಲ್ ಮೊಗ್ಗು, ಕೆಂಪು ಬೂರುಗದ ಹೂ, ಪಗೋಡ ಮರದ ಹೂ, ದೇವಕಣಗಿಲೆ ಇರುತ್ತವೆ (ಒಂದೆರಡು ಮನೆಮನೆಗೂ ಬದಲಾಗುತ್ತವೆ). ತಲಾ 5 ಗ್ರಾಂ, ಒಂದೂವರೆ ಲೀಟರ್ ನೀರು, 20 ನಿಮಿಷ, ಹನಿಸಕಲ್ ಕೊನೇ 5 ನಿಮಿಷಕ್ಕೆ. ದೇವಕಣಗಿಲೆ ಬೇರೆ, ಕಣಗಿಲೆ ಬೇರೆ. ಕಣಗಿಲೆಯ ಎಲೆ, ಹೂ ಎಲ್ಲವೂ ಹೃದಯ ನಿಲ್ಲಿಸುವ ವಿಷ. ದೇವಕಣಗಿಲೆಯಲ್ಲೂ ಹಾಲು ಇರೋದರಿಂದ ಮರದಿಂದ ಕಿತ್ತು ಹಾಕೋ ಸಾಹಸ ಬೇಡ, ಒಣಗಿಸಿ ಮಾರೋದನ್ನೇ ಕೊಳ್ಳಿ.

ಮಲಬದ್ಧತೆಗೆ ಮಾರೋ ಜುಯೆಮಿಂಗ್‌ಜಿ ನಮ್ಮ ಚಗಟೆ ಬೀಜವೇ, ಮಳೆಗಾಲದಲ್ಲಿ ಕರಾವಳಿಯವರು ಸೊಪ್ಪು ತಿನ್ನುವ ಅದೇ ಗಿಡ. ಹುರಿದು ಒಡೆದು 10 ಗ್ರಾಂ. ಹಸಿ ಬೀಜವಾದರೆ ಭೇದಿ ಜೋರು. ವಾರ ದಾಟಿಸಬೇಡಿ, ಕರುಳು ಅದಕ್ಕೇ ಒಗ್ಗಿಹೋಗುತ್ತೆ.

ಪಾತ್ರೆ ಮಣ್ಣಿನದು, ಗಾಜು ಅಥವಾ ಸ್ಟೀಲ್. ಕಬ್ಬಿಣ, ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಒಗರು ಪದಾರ್ಥಗಳು ಲೋಹದ ಜೊತೆ ಸೇರಿ ಕಪ್ಪಾಗುತ್ತವೆ.

ಮಾತ್ರೆಪೆಟ್ಟಿಗೆ:
ಮಳೆಬಿಲ್ಲು ಅವರೇ, ನಿಮ್ಮ ಪ್ರಶ್ನೆಯಲ್ಲಿ ತೂಕದ ಮಾತು ಕೊನೆಯ ಎರಡು ಸಾಲು.

ಅಪ್ಪನಿಗೆ ಗೋಜಿ ಬೇಡ. ವಾರ್ಫರಿನ್ ತಗೊಳ್ಳೋರು ಗೋಜಿ ಚಹಾ ಕುಡಿದು ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತಾಗುತ್ತೆ ಅನ್ನೋ ಪರೀಕ್ಷೆಯ ಅಂಕಿ) ಏರಿ ರಕ್ತಸ್ರಾವ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಡಾನ್‌ಶೆನ್, ಡಾಂಗ್‌ಗುಯ್ ಅನ್ನೋ ಬೇರುಗಳೂ ವಾರ್ಫರಿನ್ ಜೊತೆ ಹಾಗೇ. ಚಹಾ ಬಿಟ್ಟರೂ ಇವು ಕ್ಯಾಂಟನೀಸ್ ಸೂಪಿನಲ್ಲಿ ತೇಲ್ತಾ ಇರ್ತವೆ, ಹೋಟೆಲಿನಲ್ಲಿ ಕೇಳಿಯೇ ಆರ್ಡರ್ ಮಾಡಿ. ಅವರಿಗೆ ಯಾವ ಮೂಲಿಕೆಯನ್ನೂ ರೂಢಿ ಮಾಡಿಸಬೇಡಿ. ಏನಾದರೂ ಶುರು ಮಾಡೋ ಮುಂಚೆ ಮಾತ್ರೆ ಬರೆದ ಡಾಕ್ಟರಿಗೆ ಹೇಳಿ, ಐಎನ್‌ಆರ್ ನೋಡಿಸಿ.

ಅಮ್ಮನ ವಿಷಯದಲ್ಲಿ ಕಣ್ಣಿಡಬೇಕಾದ್ದು ಗಾನ್‌ತ್ಸಾವೊ, ನಮ್ಮ ಅತಿಮಧುರದ ಜಾತಿಯದೇ ಬೇರು. ಸಿಹಿಗೆ ಅಂತ ಬಹುತೇಕ ಮಿಶ್ರಣಗಳಲ್ಲಿ ಇರುತ್ತೆ. ಅದು ದೇಹದಲ್ಲಿ ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂ ಕಳೆಯುತ್ತೆ, ಬಿಪಿ ಏರಿಸುತ್ತೆ. ಹೈಡ್ರೋಕ್ಲೋರೋಥಯಾಜೈಡ್ ಕೂಡ ಪೊಟ್ಯಾಸಿಯಂ ಕಳೆಯುವ ಮಾತ್ರೆ. ಎರಡೂ ಸೇರಿದರೆ ಕಾಲು ಸೆಳೆತ, ಸುಸ್ತು, ಎದೆಬಡಿತದ ಏರುಪೇರು. ಹಾಗಾಗಿ ಪೊಟ್ಟಣದ ಮೇಲೆ 甘草 ಅಂತ ಎರಡು ಅಕ್ಷರ ಕಂಡರೆ ವಾಪಸ್ ಇಡಿ. ಕೆಂಪು ಡಬ್ಬಿಯಲ್ಲಿ ಮಾರೋ ವಾಂಗ್‌ಲಾವ್‌ಜಿ ಅನ್ನೋ ಲಿಯಾಂಗ್‌ಚಾದಲ್ಲೂ ಗಾನ್‌ತ್ಸಾವೊ ಇದೆ, ಮೇಲಾಗಿ ಪದಾರ್ಥಗಳ ಪಟ್ಟಿಯಲ್ಲಿ ನೀರಿನ ಬೆನ್ನಿಗೇ ಸಕ್ಕರೆ. ಶುಗರ್ ಇರೋರಿಗೆ ಅದು ಔಷಧಿಯಲ್ಲ, ಕೂಲ್‌ಡ್ರಿಂಕ್.

ಅವರಿಗೆ ಬರೀ ಸೇವಂತಿಗೆ ಚಹಾ ವಾರಕ್ಕೆ ಮೂರು ನಾಲ್ಕು ದಿನ ನಡೆಯುತ್ತೆ. ಸಿಹಿ ಬೇಕಾದರೆ ಲುವೊಹಾನ್‌ಗುವೊ ಚೂರು ಹಾಕಿ, ಅದರ ಸಿಹಿ ಸಕ್ಕರೆಯದಲ್ಲ. ಬೋರೆ, ಕಲ್ಲುಸಕ್ಕರೆ ಬೇಡ. ಒಂದು ಸಂಗತಿ ಯಾರೂ ಕೇಳಲ್ಲ: ಕಾಂಗ್ರೆಸ್ ಗಿಡದಿಂದ ಮೈ ತುರಿಕೆ ಆಗೋರಿಗೆ ಸೇವಂತಿಗೆಯೂ ಆಗದೇ ಇರಬಹುದು, ಎರಡೂ ಒಂದೇ ಕುಟುಂಬ.

ಮುಪ್ಪು ತಡೆಯುತ್ತೆ, ಕೂದಲು ಕಪ್ಪಾಗುತ್ತೆ ಅಂತ ಮಾರೋ ಹೆಷೌವು ಅನ್ನೋ ಬೇರು ಮಾತ್ರ ಮನೆಗೆ ತರಲೇಬೇಡಿ. ಯಕೃತ್ತಿಗೆ ಹಾನಿಯಾದ ವರದಿಗಳು ಹಲವು. ಹೆಸರಿನ ಗೊಂದಲ ಎಂಥ ಅನಾಹುತ ಮಾಡುತ್ತೆ ಅನ್ನೋಕೆ 1990ರ ದಶಕದ ಬೆಲ್ಜಿಯಂ ನೋಡಿ: ತೂಕ ಇಳಿಸುವ ಮದ್ದಿನಲ್ಲಿ "ಫಾಂಗ್‌ಜಿ" ಹೆಸರಿನ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಸೇರಿ, ಹತ್ತಾರು ಹೆಂಗಸರ ಮೂತ್ರಪಿಂಡ ಕೆಟ್ಟುಹೋಯಿತು. ನಮ್ಮ ಈಶ್ವರಿ ಬೇರೂ ಅದೇ ಕುಲದ್ದು. ಅದಕ್ಕೇ ಹೆಸರು, ಪದಾರ್ಥದ ಪಟ್ಟಿ ಇಲ್ಲದ ಬಿಡಿ ಪುಡಿ ಕೊಳ್ಳಬೇಡಿ.

ಮಳೆಬಿಲ್ಲು:
ತುಂಬಾ ಉಪಕಾರವಾಯ್ತು. ಗೋಜಿ ಪೊಟ್ಟಣ ಅಪ್ಪನ ಕೈಗೆ ಸಿಗದ ಹಾಗೆ ಎತ್ತಿಟ್ಟೆ. ಇನ್ನೊಂದು ಡೌಟು: ಇದೇ ಸೇವಂತಿಗೆಯನ್ನು ಬೆಂಗಳೂರಿನಲ್ಲಿ ತಂಗಿ ಮಾಡಿದರೆ ಅರ್ಧ ಗಂಟೇಲಿ ಚಹಾ ಹಸಿರಾಗುತ್ತಂತೆ. ಹೂ ಕೆಟ್ಟಿದೆಯಾ?

ಹೂಕಷಾಯ:
ಬೋರ್‌ವೆಲ್ ನೀರಿರಬೇಕು. ಹೂವಿನಲ್ಲಿರೋ ಕ್ಲೋರೋಜೆನಿಕ್ ಆಮ್ಲ ಕ್ಷಾರದ ನೀರಲ್ಲಿ ಗಾಳಿ ತಾಗಿದರೆ ಹಸಿರು ತಿರುಗುತ್ತೆ. ವಿಷವೇನಲ್ಲ, ರುಚಿ ಸ್ವಲ್ಪ ಸಪ್ಪೆ. ಆರ್‌ಒ ನೀರಲ್ಲಿ ಮಾಡಿ ನೋಡಲಿ, ಇಲ್ಲಾಂದ್ರೆ ಲೋಟಕ್ಕೆ ನಾಲ್ಕು ಹನಿ ನಿಂಬೆರಸ ಮೊದಲೇ ಹಾಕಲಿ. ಮಾಡಿದ್ದನ್ನು ಅವತ್ತೇ ಕುಡಿದು ಮುಗಿಸಲಿ, ರಾತ್ರಿಯಿಡೀ ಹೊರಗಿಟ್ಟದ್ದು ಬೇಡ.