ಜಾಹೀರಾತು ನಿಲ್ಲಿಸಿದ ಮೇಲೂ ಆನ್‌ಲೈನ್ ಅಂಗಡಿಗೆ ಜನ ಬರಬೇಕು, ನೀವೇನು ಮಾಡಿದ್ರಿ?

ಕೇಳಿದವರು: ನಮ್ಮದು ಚನ್ನಪಟ್ಟಣದ ಗೊಂಬೆಗಳ ಚಿಕ್ಕ ಆನ್‌ಲೈನ್ ಅಂಗಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕಿದರೆ ಆರ್ಡರ್ ಬರುತ್ತೆ, ನಿಲ್ಲಿಸಿದರೆ ಸೈಟು ಖಾಲಿ. ಗೂಗಲ್‌ನಲ್ಲಿ ಹುಡುಕಿಕೊಂಡು ಜನ ತಾವಾಗೇ ಬರುವ ಹಾಗೆ ಮಾಡಿಕೊಂಡವರು ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಲಿ? ಎಷ್ಟು ಕಾಲ ಬೇಕು?

ಇಳಕಲ್ ಸೀರೆ ಮಾರುವವರು: ನಿಮ್ಮ ವಾಟ್ಸಾಪ್‌ನಿಂದಲೇ ಶುರು ಮಾಡಿ. ಗಿರಾಕಿಗಳು ಕೊಳ್ಳುವ ಮುಂಚೆ ಏನು ಕೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ ಬರೆದಿಡಿ. ನಮ್ಮನ್ನು ಕೇಳುತ್ತಿದ್ದದ್ದು ಇವು: ಬಣ್ಣ ಬಿಡುತ್ತಾ? ಸೆರಗು ಅಸಲಿ ರೇಷ್ಮೆನಾ, ಆರ್ಟ್ ಸಿಲ್ಕಾ? ಕೈಮಗ್ಗದ್ದೋ ಪವರ್‌ಲೂಮಿನದೋ ಅಂತ ಗುರುತಿಸೋದು ಹೇಗೆ? ಒಂಬತ್ತು ಗಜದ್ದು ಸಿಗುತ್ತಾ? ನಮ್ಮನ್ನು ಕೇಳದ ಎಷ್ಟೋ ಜನ ಇದನ್ನೇ ಗೂಗಲ್‌ಗೆ ಕೇಳುತ್ತಿರುತ್ತಾರೆ, ಅಲ್ವಾ?

ಒಂದೊಂದು ಪ್ರಶ್ನೆಗೂ ಒಂದು ಪುಟ ಬರೆದೆವು. ನೇಕಾರರ ಮನೆಗೇ ಹೋಗಿ, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದನ್ನು ಹತ್ತಿರದಿಂದ ಫೋಟೊ ತೆಗೆದೆವು. ಬೇರೆ ಬಹಳಷ್ಟು ಸೈಟುಗಳಲ್ಲಿ ಇದ್ದದ್ದು ಒಬ್ಬರಿಂದೊಬ್ಬರು ನಕಲು ಮಾಡಿದ ನಾಲ್ಕು ಸಾಲು. ಮಗ್ಗದ ಮುಂದೆ ಕೂತು ಬರೆದ ಪುಟಗಳು ಗೂಗಲ್ ಪಟ್ಟಿಯಲ್ಲಿ ನಿಧಾನವಾಗಿ ಮೇಲೆ ಬಂದವು. ಇವತ್ತಿಗೂ ನಮಗೆ ಜನರನ್ನು ತರುತ್ತಿರುವುದು ಅವೇ.

ನಿಮ್ಮಲ್ಲಂತೂ ಹೇಳೋದಕ್ಕೆ ಬೇಕಾದಷ್ಟಿದೆ. ಮಗು ಬಾಯಿಗೆ ಹಾಕಿಕೊಂಡರೆ ಏನಾದರೂ ಆಗುತ್ತಾ ಅಂತ ಪ್ರತಿ ತಾಯಿಯೂ ಕೇಳುತ್ತಾಳೆ. ಆಲೆ ಮರ ಯಾಕೆ, ಲೇತಿನ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೇ ಬಣ್ಣ ಕರಗಿ ಹಿಡಿಯೋದು ಹೇಗೆ, ತಾಳೆಗರಿಯಿಂದ ಹೊಳಪು ಬರೋದು ಹೇಗೆ, ಎಲ್ಲ ತೋರಿಸಿ. ನೀವು ಮಾರುವ ಗೊಂಬೆಗೆ ಹಾಕಿದ ಬಣ್ಣ ಯಾವುದು ಅಂತ ಮಾಡಿದವರನ್ನೇ ಕೇಳಿ ಬರೆಯಿರಿ. ಐಎಸ್‌ಐ ಗುರುತಿನ ಬಗ್ಗೆಯೂ ಒಂದು ಪುಟ ಬೇಕು. ಆಟಿಕೆಗಳಿಗೆ ಅದು 2021ರಿಂದ ಕಡ್ಡಾಯ. ಆದರೆ ಸರ್ಕಾರದಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ, ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ವಿನಾಯಿತಿ ಇದೆ. ನಿಮ್ಮ ಕುಶಲಕರ್ಮಿಗಳ ಹತ್ತಿರ ಯಾವ ಕಾಗದ ಇದೆ ನೋಡಿ, ಅದನ್ನೇ ಹೇಳಿ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಹಾಕಿಕೊಳ್ಳಿ, ಪುಕ್ಕಟೆ. ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಅದು ತೋರಿಸುತ್ತೆ. ಮಹಾರಾಷ್ಟ್ರದ ಗಿರಾಕಿಗಳು ‘ಇರಕಲ್’ ಅಂತ ಹುಡುಕುತ್ತಾರೆ ಅನ್ನೋದು ನಮಗೆ ಗೊತ್ತಾಗಿದ್ದು ಅಲ್ಲೇ. ಜಾಸ್ತಿ ಸಲ ಕಾಣಿಸಿಯೂ ಯಾರೂ ಒತ್ತದ ಪುಟಗಳ ಶೀರ್ಷಿಕೆಯನ್ನು ಮೊದಲು ತಿದ್ದಿ.

ಕಾಲದ ವಿಷಯ. ಫಲ ಕಾಣಲು 4 ತಿಂಗಳಿಂದ 1 ವರ್ಷ ಬೇಕು ಅಂತ ಗೂಗಲ್‌ನವರೇ ಹೇಳಿದ್ದಾರೆ. ಅಲ್ಲಿಯವರೆಗೆ ಜಾಹೀರಾತನ್ನು ಪೂರ್ತಿ ನಿಲ್ಲಿಸಬೇಡಿ. ದುಡ್ಡು ಕೊಟ್ಟರೆ ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಲಿಂಕ್ ಕೊಡಿಸ್ತೀವಿ ಅಂತ ಫೋನ್ ಬರುತ್ತೆ, ಬೇಡವೇ ಬೇಡ. ಅದು ಗೂಗಲ್ ನಿಯಮಕ್ಕೆ ವಿರುದ್ಧ, ಗೊತ್ತಾದರೆ ಸೈಟು ಹಿಂದೆ ಬೀಳುತ್ತೆ.

ಸೈಟು ಮಾಡಿಕೊಡುವವರು: ಮೇಲಿನವರ ಮಾತು ನಿಜ. ಒಂದು ಸೇರಿಸ್ತೀನಿ: ಮಾಲು ಮುಗಿದ ತಕ್ಷಣ ಪುಟ ಅಳಿಸಬೇಡಿ. ಗೂಗಲ್‌ನಲ್ಲಿ ಆ ಪುಟಕ್ಕೆ ಸಿಕ್ಕ ಜಾಗವೂ ಅದರ ಜೊತೆ ಹೋಗುತ್ತೆ. ಸ್ಟಾಕ್ ಇಲ್ಲ ಅಂತ ಹಾಕಿ, ಅಂಥದ್ದೇ ಬೇರೆ ಗೊಂಬೆ ತೋರಿಸಿ. ಮತ್ತೆ ಬರುವುದೇ ಇಲ್ಲ ಅಂತಾದರೆ, ಹಳೇ ಲಿಂಕ್ ಒತ್ತಿದವರು ಅಂಥದ್ದೇ ಬೇರೆ ಪುಟಕ್ಕೆ ತಾನಾಗೇ ಹೋಗುವ ಹಾಗೆ ಶಾಶ್ವತವಾಗಿ ರೀಡೈರೆಕ್ಟ್ ಮಾಡಿ. ಫೋಟೊಗಳ ಸೈಜ್ ಇಳಿಸಿ, ಮೊಬೈಲಿನಲ್ಲಿ ತಡವಾಗಿ ತೆರೆದರೆ ಜನ ಕಾಯಲ್ಲ. ಗೂಗಲ್ ಮರ್ಚೆಂಟ್ ಸೆಂಟರ್‌ನಲ್ಲಿ ದುಡ್ಡಿಲ್ಲದೆ ಸರಕು ತೋರಿಸುವ ಅವಕಾಶವೂ ಇದೆ.

ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವರು: ಸೀಸನ್ ಸರಕಿಗೆ ಪ್ರತಿ ವರ್ಷ ಹೊಸ ಪುಟ ಮಾಡಬೇಡಿ. ನಾವು ಮಿಡಿ ಇಳಿಯುವ ಮುಂಚೆಯೇ ಅದೇ ಹಳೇ ಪುಟಕ್ಕೆ ಈ ವರ್ಷದ ಬೆಲೆ, ಹೊಸ ಫೋಟೊ ಹಾಕ್ತೀವಿ, ಪುಟದ ವಿಳಾಸ (ಲಿಂಕ್) ಬದಲಿಸಲ್ಲ. ನಿಮಗೆ ದಸರಾ ಗೊಂಬೆ ಕೂರಿಸೋ ಕಾಲ ದೊಡ್ಡದು. ಆ ಪುಟ ಆಷಾಢದಲ್ಲೇ ಸಿದ್ಧವಿರಲಿ.