ಸಹಾಯ ಬೇಕು: ಮಲೇಷ್ಯಾದಿಂದ ರೈಲಿನಲ್ಲಿ ಹೊರಡುವವರು ಮುಂದಿನ ಟಿಕೆಟ್ ಎಂದು ಏನು ತೋರಿಸಬೇಕು?

ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದೇನೆ. ಭಾರತೀಯರು ಅಲ್ಲಿ ವೀಸಾ ಇಲ್ಲದೆ 30 ದಿನ ಇರಬಹುದು, ಅದು ಗೊತ್ತು. ತೊಡಕಿರುವುದು ಮುಂದಿನ ಟಿಕೆಟಿನಲ್ಲಿ, ಅಂದರೆ ಆ ದೇಶ ಬಿಟ್ಟು ಹೊರಡುತ್ತೇನೆಂದು ತೋರಿಸುವ ಟಿಕೆಟಿನಲ್ಲಿ. ನಾನು ವಾಪಸು ವಿಮಾನ ಹತ್ತುವುದಿಲ್ಲ. ಮಲೇಷ್ಯಾದ ಬಟರ್‌ವರ್ತ್‌ನಿಂದ ರೈಲಿನಲ್ಲಿ ಗಡಿಯಲ್ಲಿರುವ ಪಡಂಗ್ ಬೆಸಾರ್ ತಲುಪಿ, ಅದೇ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಎರಡೂ ದೇಶಗಳ ಮುದ್ರೆ ಹಾಕಿಸಿಕೊಂಡು ಥಾಯ್ಲೆಂಡಿಗೆ ದಾಟುವ ಯೋಚನೆ.

ಹೋದ ವರ್ಷ ಬೇರೊಂದು ದೇಶಕ್ಕೆ ಹೊರಟಾಗ ಚೆಕ್-ಇನ್ ಕೌಂಟರಿನ ಹುಡುಗಿ ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡಿ, "ವಾಪಸು ಟಿಕೆಟ್ ಎಲ್ಲಿ ಸಾರ್?" ಎಂದಳು. ಸಾಲಿನಲ್ಲಿ ನಿಂತೇ ಮೊಬೈಲಿನಲ್ಲಿ ದುಬಾರಿ ಟಿಕೆಟ್ ಕೊಂಡೆ. ಆ ಉರಿ ಇನ್ನೂ ಆರಿಲ್ಲ.

ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ? ರೈಲಿನ ಟಿಕೆಟನ್ನು ಕೌಂಟರಿನವರು ಒಪ್ಪಿದರೇ, ಇಲ್ಲ ವಿಮಾನದ್ದೇ ಬೇಕೆಂದರೇ? ಹಣ ಮರಳುವ ಟಿಕೆಟ್ ಕೊಳ್ಳಲು ಸಿದ್ಧನಿದ್ದೇನೆ. ನಕಲಿ ಬುಕಿಂಗಿನ ಸಲಹೆ ಮಾತ್ರ ದಯವಿಟ್ಟು ಬೇಡ.