ಮೊಟ್ಟೆ ಕಾಣದ ಎಗ್ ಕಪ್ಪುಗಳು

“ಇದಕ್ಕೆ ಕಾಲು ಯಾಕೋ?” ಅಂತ ರಂಗಣ್ಣ ಕೇಳಿದ.

ಶಾಮಣ್ಣನ ಹಾಲಿನ ಷೋಕೇಸಿನಲ್ಲಿ ಮೊದಲು ಒಂದು ತಾಜ್ ಮಹಲು, ಮಗಳ ಘಟಿಕೋತ್ಸವದ ಫೋಟೊ, ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಗಡಿಯಾರ ಇದ್ದವು. ಅವೆಲ್ಲ ಈಗ ಅಟ್ಟ ಸೇರಿವೆ. ಆ ಜಾಗದಲ್ಲಿ ಅರವತ್ತು ಚಿಲ್ಲರೆ ಎಗ್ ಕಪ್ಪುಗಳು, ಅಂದರೆ ಬೇಯಿಸಿದ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸುವ ಪುಟ್ಟ ಬಟ್ಟಲುಗಳು, ಸಾಲಾಗಿ ಕೂತಿವೆ. ಆನೆ, ಕೋಳಿ, ರೈಲಿನ ಎಂಜಿನ್ನು, ಟೋಪಿ ಹಾಕಿದ ಪೊಲೀಸು, ಹಲ್ಲು ಕಿರಿಯುವ ಒಬ್ಬಳು ಮುದುಕಿ. ರಂಗಣ್ಣ ಕೈಗೆ ತಗೊಂಡಿದ್ದಕ್ಕೆ ಮಾತ್ರ ಎರಡು ಕಾಲು. ಪಟ್ಟೆ ಪಟ್ಟೆ ಕಾಲುಚೀಲ, ಹಳದಿ ಬೂಟು.

“ಹುಷಾರು ಕಣೋ, ಅದು ವಾಕಿಂಗ್ ವೇರ್. ಇಂಗ್ಲೆಂಡಿನ ಕಾರ್ಲ್ಟನ್ ವೇರ್ ಕಂಪನಿ ಮಾಲು, ಎಪ್ಪತ್ತರ ದಶಕದ್ದು. ಸ್ಟೋಕ್ ಆನ್ ಟ್ರೆಂಟ್ ಅಂತ ಪಿಂಗಾಣಿಗೇ ಹೆಸರಾದ ಊರು. ಟೀ ಪಾಟು, ಸಕ್ಕರೆ ಬಟ್ಟಲು, ಎಲ್ಲಕ್ಕೂ ಕಾಲು ಇಟ್ಟಿದ್ರು ಅವರು.”

“ಅದು ಸರಿ, ಈಗ ಎಲ್ಲಿಗೆ ಹೊರಟಿದೆ?”

“ಯಾವುದು?”

“ಇದು. ಬೂಟು ಹಾಕ್ಕೊಂಡು ನಿಂತಿದೆಯಲ್ಲ.”

ಒಳಗಿನಿಂದ ಕಾಫಿ ತಂದ ಲಲಿತಮ್ಮ, “ಎಲ್ಲಿಗೂ ಹೋಗಲ್ಲ ರಂಗಣ್ಣ, ನನ್ನ ಗೊಂಬೆ ಹಬ್ಬಕ್ಕೇ ಬರೋದು ಅದು. ಹೋದ ದಸರಾದಲ್ಲಿ ಇವರು ಯಾರಿಗೂ ಹೇಳದೆ ಮೇಲಿನ ಮೆಟ್ಟಿಲ ಮೇಲೆ ಇಟ್ಟುಬಿಟ್ಟಿದ್ರು. ಪಟ್ಟದ ಗೊಂಬೆ ಪಕ್ಕದಲ್ಲಿ, ಬೂಟು ಸಮೇತ! ಆರತಿಗೆ ಬಂದೋರು ಇದು ಯಾವ ದೇವರು ಅಂತ ಕೇಳಿದ್ರು” ಅಂದರು.

“ಹೋಗ್ಲಿ ಬಿಡಿ ಲಲಿತಮ್ಮ. ನಮ್ಮ ರಾಜರ ಮುಂದೆ ಇಂಗ್ಲೆಂಡಿನೋರು ಬೂಟು ಬಿಚ್ಚದೆ ನಿಂತಿದ್ದು ಇದೇ ಮೊದಲೇನಲ್ಲ.”

ಶಾಮಣ್ಣ ನಗಲಿಲ್ಲ. ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗೆಲ್ಲ ಅವನು ಭಾನುವಾರ ಬೆಳಿಗ್ಗೆ ಎದ್ದು, ಜನ ಕಾರಿನ ಡಿಕ್ಕಿ ತೆಗೆದು ಮನೆಯ ಹಳೆ ಸಾಮಾನು ಮಾರುವ ಸಂತೆಗೆ ಹೋಗುತ್ತಾನೆ. ಅಲ್ಲಿ ಚೌಕಾಸಿ ಮಾಡಿ ಕೊಂಡು, ಒಂದೊಂದು ಕಪ್ಪನ್ನೂ ಬನಿಯನ್ನಿನಲ್ಲಿ ಸುತ್ತಿ, ಕಾಲುಚೀಲದಲ್ಲಿ ತುರುಕಿ, ಸೂಟ್‌ಕೇಸಿನಲ್ಲಿ ತರುತ್ತಾನೆ. ಮನೆಯವರಿಗೆ ಚಾಕಲೇಟು ತರಲು ಜಾಗ ಇರುವುದಿಲ್ಲ.

“ನಿಂಗೆ ಇದರ ಚರಿತ್ರೆ ಗೊತ್ತಿಲ್ಲ,” ಅಂದ ಶಾಮಣ್ಣ. “ಸುಬ್ಬು, ಹೇಳೋ ಇವನಿಗೆ.”

ಸುಬ್ಬು ಆಗಲೇ ಮೊಬೈಲು ತೆಗೆದಿದ್ದ. “ಇಟಲಿಯ ಪಾಂಪೇಯಲ್ಲೇ ಬೆಳ್ಳಿ ಎಗ್ ಕಪ್ಪು ಸಿಕ್ಕಿದೆಯಂತೆ ಸಾರ್. ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಬೂದಿಯಲ್ಲಿ ಮುಚ್ಚಿಹೋದ ಊರು.”

“ಪಾಪ. ಯಾರದೋ ತಿಂಡಿ ಅರ್ಧಕ್ಕೇ ನಿಂತಿತೋ ಏನೋ.”

“ಬೆಳ್ಳೀಲಿ ಒಂದು ತೊಂದರೆ ಇದೆ,” ಅಂತ ಪುಟ್ಟಸ್ವಾಮಿ ಮೇಷ್ಟ್ರು ಬಾಯಿ ಹಾಕಿದರು. ನಿವೃತ್ತಿಯಾದರೂ ವಿಜ್ಞಾನದ ಪಾಠ ಬಿಟ್ಟಿಲ್ಲ. “ಮೊಟ್ಟೆಯಲ್ಲಿ ಗಂಧಕ ಇರುತ್ತೆ. ಬೆಳ್ಳಿಗೆ ತಾಗಿದ್ರೆ ಕಪ್ಪಾಗುತ್ತೆ. ಅದಕ್ಕೇ ಸಾಹುಕಾರರು ಬೆಳ್ಳಿ ಕಪ್ಪಿನ ಒಳಗಡೆ ಚಿನ್ನದ ನೀರು ಕೊಡಿಸ್ತಿದ್ರು. ಚಮಚ ಮೂಳೆದೋ ಕೊಂಬಿಂದೋ ಮಾಡಿಸ್ಕೊಳ್ತಿದ್ರು.”

“ಒಂದು ಮೊಟ್ಟೆ ತಿನ್ನೋಕೆ ಬೆಳ್ಳಿ, ಮೇಲೆ ಚಿನ್ನ! ಅಷ್ಟರಲ್ಲಿ ನಾವು ಒಂದು ಮದುವೆ ಎತ್ತಿಬಿಡ್ತೀವಿ ಮೇಷ್ಟ್ರೇ.”

ಸುಬ್ಬು ಬಿಡಲಿಲ್ಲ. ಫ್ರಾನ್ಸಿನ ಹದಿನೈದನೇ ಲೂಯಿ ಫೋರ್ಕಿನಿಂದ ಒಂದೇ ಏಟಿಗೆ ಮೊಟ್ಟೆಯ ತಲೆ ಹಾರಿಸುತ್ತಿದ್ದನಂತೆ, ಅದನ್ನು ನೋಡಲು ಭಾನುವಾರ ಅರಮನೆಗೆ ಜನ ಬರುತ್ತಿದ್ದರಂತೆ ಅಂತ ಕಥೆ ಹೇಳಿದ.

“ನೋಡಿದ್ರಾ,” ಅಂದ ರಂಗಣ್ಣ. “ರಾಜ ಮೊಟ್ಟೆ ತಲೆ ಹಾರಿಸ್ತಾ ಕೂತ. ಅವನ ಮೊಮ್ಮಗನ ಕಾಲಕ್ಕೆ ಜನ ರಾಜನ ತಲೆಯನ್ನೇ ಹಾರಿಸಿದ್ರು. ನೋಡಿ ಕಲಿತದ್ದು.”

ಶಾಮಣ್ಣನಿಗೆ ರೇಗಿತು. ಲಂಡನ್ನಿನ ಕ್ಯಾಮ್ಡನ್ನಿನಲ್ಲಿ ಕಾಲುವೆ ಪಕ್ಕ ಒಂದು ಕಟ್ಟಡವಿದೆ, 1983ರಲ್ಲಿ ಬೆಳಗಿನ ಹೊತ್ತಿನ ಟಿವಿ ಶುರುಮಾಡಿದ ಟಿವಿ-ಎಎಂ ಅವರದ್ದು, ಟೆರಿ ಫ್ಯಾರೆಲ್ ಅನ್ನುವ ವಾಸ್ತುಶಿಲ್ಪಿ ಅದರ ಸೂರಿನ ಮೇಲೆ ದೊಡ್ಡ ದೊಡ್ಡ ಎಗ್ ಕಪ್ಪುಗಳನ್ನು ಸಾಲಾಗಿ ಕೂರಿಸಿದ, ಮಗಳು ಅಳಿಯ ಮ್ಯೂಸಿಯಂ ತೋರಿಸ್ತೀವಿ ಅಂದರೆ ನಾನು ಅದನ್ನು ನೋಡಲು ಹೋದೆ ಅಂತ ಒಂದೇ ಉಸಿರಿಗೆ ಹೇಳಿದ.

“ಆ ಚಾನೆಲ್ಲು ಈಗ ಬರುತ್ತಾ?”

“ಎಲ್ಲಿ? 1992ರ ಕೊನೆಗೇ ಮುಚ್ಚಿತು.”

“ಕಪ್ಪು?”

“ಕಪ್ಪು ಹಾಗೇ ಇತ್ತು.”

“ಮತ್ತೆ ಈ ಪ್ಲಾಸ್ಟಿಕ್ ಕೋಳಿ?”

“ಅದು ಪೂರ್ವ ಜರ್ಮನಿ ಮಾಲು. ಆಗ ಅಲ್ಲಿ ಮನೆಮನೆಯಲ್ಲೂ ಇದೇ ಕೋಳಿ. ಈಗ ಆ ದೇಶವೇ ಇಲ್ಲ.”

“ಸರಿ. ಚಾನೆಲ್ಲು ಹೋಯ್ತು, ಕಪ್ಪು ಉಳೀತು. ದೇಶ ಹೋಯ್ತು, ಕೋಳಿ ಉಳೀತು. ಶಾಮ, ನೀನು ಹುಷಾರಾಗಿರಪ್ಪ.”

ಮೇಷ್ಟ್ರು ಕಾಫಿ ನೆತ್ತಿಗೆ ಹತ್ತಿಸಿಕೊಂಡರು. ರಂಗಣ್ಣ ಕೋಳಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಬೆನ್ನಿನಲ್ಲಿ ಗುಂಡಿ, ಆ ಗುಂಡಿಯಲ್ಲಿ ಮೊಟ್ಟೆ ಕೂರಬೇಕು.

“ಎಂಥ ಕೆಟ್ಟ ತಮಾಷೆ ನೋಡಿ ಇದು. ಕೋಳಿ ತನ್ನ ಮೊಟ್ಟೇನ ತಾನೇ ಬೆನ್ನ ಮೇಲೆ ಹೊತ್ಕೊಂಡು ಬಂದು, ತಿನ್ನಿ ಸ್ವಾಮಿ ಅನ್ನಬೇಕು. ನಂಗೆ ಸಿಟ್ಟು ಬರೋದು ಇದಕ್ಕೇ. ಮೊದಲು ಸಾಮಾನು ಅದರ ಪಾಡಿಗೆ ಕೆಲಸ ಮಾಡ್ತಿತ್ತು. ಈಗ ಎಲ್ಲಕ್ಕೂ ಜೋಕ್ ಹೊಡೆಯೋ ಚಟ. ಬಾಗಿಲ ಮ್ಯಾಟು ಜೋಕ್ ಹೊಡೆಯುತ್ತೆ. ಟೀ ಷರ್ಟು ಹೊಡೆಯುತ್ತೆ. ಮೊನ್ನೆ ಒಬ್ಬರ ಮನೇಲಿ ಟಾಯ್ಲೆಟ್ ಬಾಗಿಲೂ ಹೊಡೀತು, ನಾನಿದ್ದ ಅವಸರದಲ್ಲಿ ಓದಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ನನ್ನ ಹತ್ರ ತಮಾಷೆ ಮಾಡೋ ಧೈರ್ಯ ನನ್ನ ಹೆಂಡತಿಗೇ ಇಲ್ಲ. ಪಿಂಗಾಣಿಗೆ ಯಾರು ಕೊಟ್ಟರು?”

“ನಾವೂ ಬೆಂಕಿಪೊಟ್ಟಣದ ಚಿತ್ರ ಕೂಡಿಡ್ತಿರಲಿಲ್ವಾ?” ಅಂತ ಶಾಮಣ್ಣ ಕೇಳಿದ.

“ಇಡ್ತಿದ್ವಿ. ಬೀದಿಯಲ್ಲಿ ಬಿದ್ದಿದ್ದನ್ನ ಹೆಕ್ಕಿ ತರ್ತಿದ್ವಿ. ಪೊಟ್ಟಣಾನ ಯಾರೋ ಖಾಲಿ ಮಾಡಿ ಒಲೆ ಹಚ್ಚಿರ್ತಿದ್ರು. ಅದರ ಕೆಲಸ ಮುಗಿದಿರ್ತಿತ್ತು. ನಿನ್ನ ಕಪ್ಪುಗಳ ಕೆಲಸ ಯಾವತ್ತಾದರೂ ಶುರುವಾಗಿದೆಯಾ? ನಿಜ ಹೇಳು, ನೀನು ಮೊಟ್ಟೆ ತಿಂತೀಯಾ?”

“ಛೆ ಛೆ!”

“ಮಗಳ ಮನೇಲಿ ಕೇಕು?”

“ಕೇಕ್ ತಿಂತೀನಿ.”

“ಅದರಲ್ಲಿ ಏನಿರುತ್ತೆ?”

“ಕಾಣೋದಿಲ್ವಲ್ಲ.”

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇದಕ್ಕೆ ಎದುರು ಮಾತು ಯಾರ ಹತ್ತಿರವೂ ಇರಲಿಲ್ಲ.

ಆಮೇಲೆ ಮೇಷ್ಟ್ರೇ ಮಧ್ಯಸ್ಥಿಕೆಗೆ ಬಂದರು. ಕಪ್ಪು ಇರೋದು ಅವರ ಅಡುಗೆಗೆ ತಕ್ಕಂತೆ, ಅಲ್ಲಿ ಮೊಟ್ಟೆ ಅರೆಬರೆ ಬೇಯಿಸ್ತಾರೆ, ಹಳದಿ ಹರೀತಾ ಇರುತ್ತೆ, ಬ್ರೆಡ್ಡನ್ನ ಕಡ್ಡಿ ಕಡ್ಡಿಯಾಗಿ ಕೊಯ್ದು ಅದರಲ್ಲಿ ಅದ್ದಿ ತಿಂತಾರೆ, ಹಾಗಾಗಿ ಮೊಟ್ಟೆ ನೆಟ್ಟಗೆ ನಿಲ್ಲಲೇಬೇಕು. “ನಮ್ಮದು ಗಟ್ಟಿ ಬೇಯಿಸೋದು, ಎರಡು ಹೋಳು, ಉಪ್ಪು, ಮೆಣಸಿನ ಪುಡಿ. ಕಪ್ಪು ಎಲ್ಲಿ ಬೇಕು? 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಎಷ್ಟು ಗಲಾಟೆ ಆಯ್ತು, ನೆನಪಿದೆಯಲ್ಲ? ಮೊಟ್ಟೆ ಬೇಡ ಅಂದೋರಿಗೆ ಬಾಳೆಹಣ್ಣು ಅಂತ ಆಯ್ತು. ದೊಡ್ಡವರು ಟಿವಿಯಲ್ಲಿ ಕಿರುಚ್ತಿದ್ರು. ಮಕ್ಕಳು ಅಂಗೈಯಲ್ಲಿಟ್ಟು ಸಿಪ್ಪೆ ಸುಲೀತಿದ್ರು.” ಹಾಗಂದು ಮೇಷ್ಟ್ರು ಜೇಬಿನಿಂದ ಪೇಪರ್ ಪೊಟ್ಟಣ ತೆಗೆದರು. “ನಮ್ಮೂರಿಂದ ಬಂದ ನಾಟಿ ಕೋಳಿ ಮೊಟ್ಟೆ. ಬೇಯಿಸೇ ತಂದಿದೀನಿ. ಒಂದು ಸಲ ಇಟ್ಟು ನೋಡೋಣ.”

“ಕಪ್ಪು ಒಳಗಿರಲಿ ಮೇಷ್ಟ್ರೇ, ಮೊಟ್ಟೆ ಹೊಸ್ತಿಲು ದಾಟಿ ಹೊರಗೆ ಹೋಗಲಿ,” ಅಂದರು ಲಲಿತಮ್ಮ. ದನಿ ಏರಿಸಲಿಲ್ಲ, ಬೆರಳು ಮಾತ್ರ ಬಾಗಿಲ ಕಡೆ ಇತ್ತು.

“ಹಾಗಾದ್ರೆ ಕಪ್ಪನ್ನೇ ಜಗಲಿಗೆ ತಗೊಂಡು ಹೋಗ್ತೀವಿ.”

“ಧಾರಾಳವಾಗಿ. ಮೊಟ್ಟೆ ತಾಗಿದ ಕಪ್ಪು ಮತ್ತೆ ಒಳಗೆ ಬರಕೂಡದು ಅಷ್ಟೆ.”

ನಾಲ್ಕೂ ಜನ ಜಗಲಿಗೆ ಬಂದರು. ಮೇಷ್ಟ್ರ ಕೈಯಲ್ಲಿ ಮೊಟ್ಟೆ, ಶಾಮಣ್ಣನ ಕೈ ಖಾಲಿ. ಯಾವ ಕಪ್ಪು ತರುವುದು? ಆನೆ ಬೇಡ, ಜೋಡಿ ತಪ್ಪುತ್ತೆ. ಪೊಲೀಸು ಬೇಡ, ಅದು ಸುಲಭವಾಗಿ ಸಿಗಲ್ಲ. ಬೂಟಿನದಂತೂ ಬೇಡವೇ ಬೇಡ. ಅರವತ್ತು ಚಿಲ್ಲರೆ ಎಗ್ ಕಪ್ಪಿನಲ್ಲಿ ಮೊಟ್ಟೆ ಇಡಲು ಒಂದೂ ಸಿಗಲಿಲ್ಲ.

“ಎಗ್ ಕಪ್ಪು ಕೆಡೋದು ಮೊಟ್ಟೆಯಿಂದ ಮಾತ್ರ,” ಅಂದ ರಂಗಣ್ಣ. ಆಮೇಲೆ ಯಾಕೋ ದನಿ ತಗ್ಗಿಸಿದ. “ನಮ್ಮ ಮನೇಲೂ ಹೀಗೇ ಇತ್ತು ಕಣ್ರೋ. ಟೈಫಾಯ್ಡ್ ಬಂದು ನಾನು ಕಡ್ಡಿ ಆಗಿದ್ದೆ. ಮೊಟ್ಟೆ ಕೊಡಿ ಅಂತ ಡಾಕ್ಟರು ಹೇಳಿಬಿಟ್ರು. ಅಜ್ಜಿ ಹಿತ್ತಲಲ್ಲಿ ಮೂರು ಇಟ್ಟಿಗೆ ಜೋಡಿಸಿ, ಒಂದು ಹಳೇ ಡಬ್ಬದಲ್ಲಿ ಬೇಯಿಸೋರು. ಮೂಗಿಗೆ ಸೆರಗು. ಬೆಂದ ಮೇಲೆ ಕಡ್ಡಿಯಲ್ಲಿ ಕರಟಕ್ಕೆ ಉರುಳಿಸಿ, ಕರಟಾನ ಕಾಲಲ್ಲಿ ನನ್ನ ಕಡೆ ತಳ್ಳೋರು. ಕಣ್ಣಿರೋ ಕಡೆ ಕರಟ, ನೆಟ್ಟಗೆ ನಿಲ್ತಿರಲಿಲ್ಲ, ಮೊಟ್ಟೆ ಒಳಗೆ ಗಡಗಡ ಅಂತ ಓಡಾಡ್ತಿತ್ತು. ನಾನು ತಿನ್ನೋವರೆಗೂ ಬಾವಿ ಕಡೆ ಮುಖ ಮಾಡಿ ನಿಂತಿರೋರು. ಹಾಗೇ ನಿಂತ್ಕೊಂಡು, ಉಪ್ಪು ಸಾಕಾ ಅಂತ ಕೇಳೋರು. ಜನ್ಮದಲ್ಲಿ ಮೊಟ್ಟೆ ಮುಟ್ಟದೋರಿಗೆ ಅದಕ್ಕೆ ಉಪ್ಪು ಬೇಕು ಅಂತ ಯಾರು ಹೇಳಿಕೊಟ್ಟಿದ್ರೋ.”

ಸುಬ್ಬು ಮೊಬೈಲು ಜೇಬಿಗಿಟ್ಟ. ಮೇಷ್ಟ್ರು ಮಾತಾಡದೆ ಮೊಟ್ಟೆಯನ್ನು ಜಗಲಿ ಕಲ್ಲಿಗೆ ತಟ್ಟಿ ಸಿಪ್ಪೆ ತೆಗೆಯತೊಡಗಿದರು.

ಲಲಿತಮ್ಮ ಒಳಗೆ ಹೋದರು. ಚಟ್ನಿಗೆ ತುರಿದು ಇಟ್ಟಿದ್ದ ಕರಟ ಒಂದನ್ನು ತಂದು, ಹೊಸ್ತಿಲ ಒಳಗಿನಿಂದಲೇ ಕೈ ಚಾಚಿ ಮೇಷ್ಟ್ರ ಪಕ್ಕದಲ್ಲಿಟ್ಟರು. ಒಂದು ಚಿಟಿಕೆ ಉಪ್ಪೂ ಇತ್ತು.

ಮೇಷ್ಟ್ರು ಮೊಟ್ಟೆ ಇಟ್ಟರು. ಕರಟ ವಾಲಿತು. ಶಾಮಣ್ಣ ಬಗ್ಗಿ ಅದನ್ನೇ ನೋಡಿದ. ಒಂದು ಕಡೆಯಿಂದ ನೋಡಿದ, ಇನ್ನೊಂದು ಕಡೆಯಿಂದ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ಇದಕ್ಕೆ ಸ್ವಲ್ಪ ಪಾಲಿಷ್ ಹೊಡೆಸಿ, ಕೆಳಗೆ ಎರಡು ಕಾಲು ಇಡಿಸಿದ್ರೆ...”

“ರೀ,” ಅಂದರು ಲಲಿತಮ್ಮ, “ಅದು ಇನ್ನು ಒಳಗೆ ಬರಲ್ಲ.”